ಕಣ್ಣಿಗೆ ಹಬ್ಬ, ಕತೆಗೆ ಉಪವಾಸ

"ಕತಿ ಏನೂ ಇಲ್ರಿ, ಖರೆ ನೋಡ್ಲಾಕ ಭಾರಿ ಅದ!"

ಬೀದರಿನ ಟಾಕೀಜಿನಿಂದ ಹೊರಗೆ ಬರುವ ಹುಡುಗರ ಬಾಯಲ್ಲಿ ಈ ಮಾತು ಈಗ ಗಾದೆಯ ಹಾಗೆ ನಿಂತುಬಿಟ್ಟಿದೆ. ಭಾಲ್ಕಿಯಿಂದ ಬಸ್ಸು ಹತ್ತಿ ಬಂದವನದೂ ಇದೇ ಮಾತು, ಔರಾದದಿಂದ ಮೋಟರ್‌ಸೈಕಲ್ ಮೇಲೆ ಮೂವರು ಕೂಡಿ ಬಂದವರದೂ ಇದೇ ಮಾತು. ಹೇಳುವಾಗ ಮುಖದಲ್ಲಿ ಬೇಜಾರಿಲ್ಲ. ಕೊಟ್ಟ ದುಡ್ಡಿಗೆ ಮೋಸವಾಯಿತೆಂಬ ಸಿಟ್ಟೂ ಇಲ್ಲ. ಕತೆ ಇಲ್ಲದಿದ್ದರೆ ಏನಾಯಿತು, ಬೆಂಕಿ ಇತ್ತು, ಧೂಳಿತ್ತು, ಆಕಾಶದಿಂದ ಇಳಿದು ಬರುವ ಕ್ಯಾಮರಾ ಇತ್ತು, ಎದೆ ನಡುಗಿಸುವ ಸದ್ದಿತ್ತು. ಲೆಕ್ಕ ಚುಕ್ತಾ ಆಯಿತು ಎನ್ನುವ ಸಮಾಧಾನ.

ಗೆಳೆಯರೆ, ಈ ಲೆಕ್ಕ ಚುಕ್ತಾ ಆಗಿಲ್ಲ ಎಂದು ಹೇಳಲಿಕ್ಕೇ ನಾವು ಈ ಬರಹ ಬರೆಯುತ್ತಿದ್ದೇವೆ. "ಕತೆ ಇಲ್ಲ" ಎಂದ ಮೇಲೆ ಒಂದು ಪ್ರಶ್ನೆ ಕೇಳಲೇಬೇಕಾಗುತ್ತದೆ. ಇಲ್ಲದ್ದು ಯಾರ ಕತೆ? ಅದು ಹೇಗೆ ಇಲ್ಲವಾಯಿತು? ಅದನ್ನು ತೆಗೆದುಹಾಕಿದ ಜಾಗದಲ್ಲಿ ಏನನ್ನು ತಂದು ತುಂಬಿದರು?

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇವೆ. ನಾವು ದೃಶ್ಯದ ವೈರಿಗಳಲ್ಲ. ಚೆಂದ ಕಂಡರೆ ಕಣ್ಣು ಮುಚ್ಚಿಕೊಳ್ಳುವ ವೈರಾಗಿಗಳೂ ಅಲ್ಲ. ಬೀದರಿನಲ್ಲಿ ಹುಟ್ಟಿದವರು ಹಾಗಿರಲಿಕ್ಕೆ ಸಾಧ್ಯವೂ ಇಲ್ಲ. ಬಿದ್ರಿ ಕೆಲಸ ನೋಡಿ ಬೆಳೆದ ಊರು ನಮ್ಮದು. ಸತುವಿಗೆ ತುಸು ತಾಮ್ರ ಬೆರೆಸಿ ಕರಗಿಸಿ, ಮಣ್ಣಿನ ಅಚ್ಚಿಗೆ ಹೊಯ್ದು ಮೊದಲು ಪಾತ್ರೆ ಮಾಡುತ್ತಾರೆ. ಅರದಿಂದ ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ, ಉಳಿಯಿಂದ ಹೂವು ಬಳ್ಳಿ ಕೊರೆಯುತ್ತಾರೆ. ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂಡಿಸಿ ಬಡಿಯುತ್ತಾರೆ. ಕಡೆಗೆ ಪಾತ್ರೆ ಕಾಯಿಸಿ, ಕೋಟೆಯ ಹಳೇ ಮಣ್ಣಿಗೆ ನವಸಾಗರ ಬೆರೆಸಿ ತಿಕ್ಕಿದಾಗ ಮೈಯೆಲ್ಲ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಈ ಕಸುಬಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಹಿಗ್ಗಿತು.

ಆದರೆ ಬಿದ್ರಿಯ ಯಾವ ಕಸುಬುದಾರನನ್ನಾದರೂ ಕೇಳಿ ನೋಡಿ. ಪಾತ್ರೆ ತೂತಾಗಿದ್ದರೆ ಬೆಳ್ಳಿ ತಂತಿ ಬಡಿದು ಅದನ್ನು ಮುಚ್ಚಬಹುದೇ? ಪಾತ್ರೆಯೇ ಇಲ್ಲದಿದ್ದರೆ ತಂತಿಯನ್ನು ಗಾಳಿಯಲ್ಲಿ ಕೂಡಿಸಬಹುದೇ? ಅವನು ನಕ್ಕುಬಿಡುತ್ತಾನೆ. ಬೆಳ್ಳಿ ಹೊಳೆಯುವುದು ಅದನ್ನು ಹಿಡಿದುಕೊಂಡ ಕಪ್ಪು ಮೈಯಿಂದ. ಸಿನಿಮಾದಲ್ಲಿ ಆ ಕಪ್ಪು ಮೈ ಎಂದರೆ ಕತೆ. ಆ ಕಪ್ಪು ಮೈ ಎಂದರೆ ನಮ್ಮ ಜನ.

ಇನ್ನು ವಿಷಯಕ್ಕೆ ಬರೋಣ. ಕನ್ನಡದಲ್ಲಿ ಈ "ನೋಡ್ಲಾಕ ಭಾರಿ" ಎಂಬ ಹುಚ್ಚು ಹೊತ್ತಿಸಿದ ಚಿತ್ರ ಯಾವುದೆಂದು ಎಲ್ಲರಿಗೂ ಗೊತ್ತು. ಪ್ರಶಾಂತ್ ನೀಲ್ ನಿರ್ದೇಶನದ 'ಕೆ.ಜಿ.ಎಫ್.' 2018ರ ಡಿಸೆಂಬರಿನಲ್ಲಿ ಬಂತು, ಎರಡನೆಯ ಭಾಗ 2022ರ ಏಪ್ರಿಲ್‌ನಲ್ಲಿ ಬಂತು. ಎರಡನೆಯದು 1,000 ಕೋಟಿ ರೂಪಾಯಿಗೂ ಹೆಚ್ಚು ಬಾಚಿತೆಂದು ಪತ್ರಿಕೆಗಳು ಬರೆದವು. ಭುವನ್ ಗೌಡರ ಕ್ಯಾಮರಾ ಕೆಲಸವನ್ನು ನಾವೂ ಮೆಚ್ಚುತ್ತೇವೆ. ಬೂದಿ ಬಣ್ಣದ ಆ ಗಣಿ, ಆ ಮಸಿ ಮೆತ್ತಿದ ಮುಖಗಳು, ಕತ್ತಲೆಯೊಳಗೆ ಒಂದೇ ಒಂದು ಬೆಂಕಿ, ಇವೆಲ್ಲ ಕೈ ನುರಿತವರ ಕೆಲಸ. 2018ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಮೊದಲ ಭಾಗಕ್ಕೆ ಸಾಹಸ ಸಂಯೋಜನೆಗೂ ವಿಶೇಷ ದೃಶ್ಯಪರಿಣಾಮಕ್ಕೂ ಪ್ರಶಸ್ತಿ ಬಂತು. ಸರಿಯಾಗಿಯೇ ಬಂತು. ಕತೆಗೆ ಬರಲಿಲ್ಲ, ಅದೂ ಸರಿಯೇ.

ಕತೆ ಏನು? ಬಡ ತಾಯಿಗೆ ಮಾತು ಕೊಟ್ಟ ಮಗನೊಬ್ಬ ಮುಂಬಯಿಯಲ್ಲಿ ರೌಡಿಯಾಗಿ ಬೆಳೆಯುತ್ತಾನೆ. ನರಾಚಿ ಎಂಬ ಕಲ್ಪಿತ ಗಣಿಗೆ ಒಬ್ಬನನ್ನು ಕೊಲ್ಲಲು ಬರುತ್ತಾನೆ. ಅಲ್ಲಿ ಸಾವಿರಾರು ಗುಲಾಮರು ಕುರಿಗಳ ಹಾಗೆ ತಲೆ ತಗ್ಗಿಸಿ ನಿಂತಿದ್ದಾರೆ. ಇವನು ಬರುವ ತನಕ ಅವರಿಗೆ ಕೈ ಎತ್ತಲು ಗೊತ್ತಿಲ್ಲ. ಇವನು ಬಂದ ಮೇಲೆ ಅವರು ಇವನಿಗೆ ಜೈ ಎನ್ನುತ್ತಾರೆ. ಹಳೇ ಧಣಿಯ ಜಾಗಕ್ಕೆ ಹೊಸ ಧಣಿ ಕೂತ. ಮುಗಿಯಿತು. ಇದು ಕಲ್ಪನೆಯ ಕತೆ ಎಂದು ಅವರು ಹೇಳಿಕೊಳ್ಳುತ್ತಾರೆ. ಒಪ್ಪಿದೆವು. ಆದರೆ ಹೆಸರು ಯಾಕೆ ಕೋಲಾರದ್ದು? ಚಿತ್ರೀಕರಣಕ್ಕೆ ಬೇಕಾದದ್ದು ಯಾಕೆ ಕೋಲಾರದ ಸಯನೈಡ್ ಗುಡ್ಡಗಳೇ?

ನಿಜಾಮನ ಕಾಲದಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ನಮ್ಮ ಕಡೆಯ ಮುದುಕರು ಇಂದಿಗೂ ಹೇಳುತ್ತಾರೆ. ಬೋರ್ಡು ಒಂದು, ಒಳಗಿನದು ಇನ್ನೊಂದು. ಒಳಗಿನ ಜೀವ ಉಳಿಸಲಿಕ್ಕೆ ಹೂಡಿದ ಉಪಾಯ ಅದು. ಇವರದೂ ಬೋರ್ಡು ಒಂದು, ಒಳಗಿನದು ಇನ್ನೊಂದು. ಆದರೆ ಇವರು ಕೋಲಾರದ ಬೋರ್ಡು ಹಾಕಿ ಒಳಗಿನ ಕೋಲಾರವನ್ನೇ ಖಾಲಿ ಮಾಡಿದರು.

ಒಳಗೆ ಏನಿತ್ತು? ಬೀದರಿನಿಂದ ಕೋಲಾರ ದೂರ, ಆದ್ದರಿಂದ ತುಸು ವಿವರವಾಗಿ ಹೇಳುತ್ತೇವೆ. ರೂರಲ್ ಶಾಲೆಗಳ ಮಾಸ್ತರುಗಳು ಇದನ್ನು ಮಕ್ಕಳಿಗೂ ಹೇಳಲಿ. 1880ರ ಹೊತ್ತಿಗೆ ಜಾನ್ ಟೇಲರ್ ಎಂಬ ಇಂಗ್ಲಿಷ್ ಕಂಪನಿ ಅಲ್ಲಿ ಗಣಿಗೆ ಇಳಿಯಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಆ ಗಣಿಗೆ. ಚಾಂಪಿಯನ್ ರೀಫ್ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಮಿಕ್ಕಿ ಇಳಿದಿತ್ತು. ಆ ಕುದಿಯುವ ಪಾತಾಳಕ್ಕೆ ಇಳಿದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟು ಮುಂತಾದ ಕಡೆಯಿಂದ ಹೊಲ ಇಲ್ಲದೆ, ಜೀತ ತಾಳದೆ ಬಂದ ಆದಿದ್ರಾವಿಡರು, ನಮ್ಮವರು. ಬಂಡೆ ಸಿಡಿದು ಸತ್ತರು. ಕಲ್ಲಿನ ಧೂಳು ಪುಪ್ಪುಸದೊಳಗೆ ಕೂತು ಸಿಲಿಕೋಸಿಸ್ ರೋಗದಿಂದ ಕೆಮ್ಮಿ ಕೆಮ್ಮಿ ಸತ್ತರು. ಅವರು ತೆಗೆದುಕೊಟ್ಟ ಚಿನ್ನ ಸುಮಾರು 800 ಟನ್ನು. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಅವರಿಗೆ ಉಳಿದದ್ದು ಮೂರು ಕೋಟಿ ಟನ್ನಿಗೂ ಹೆಚ್ಚಿನ ಸಯನೈಡ್ ಮಣ್ಣಿನ ಗುಡ್ಡ. ಗಾಳಿ ಬೀಸಿದರೆ ಆ ಧೂಳು ಇಂದಿಗೂ ಅವರ ಮನೆಯೊಳಗೆ ಬರುತ್ತದೆ. ಸಿನಿಮಾದವರಿಗೆ ಆ ಗುಡ್ಡ ಬಹಳ ಚೆಂದ ಕಂಡಿತು!

ಆ ಜನ ಕುರಿಗಳಾಗಿದ್ದರೇ? 1930ರಲ್ಲಿ ಕಂಪನಿ ಪ್ರತಿಯೊಬ್ಬ ಕೂಲಿಯ ಬೆರಳಚ್ಚು ತೆಗೆದು ನೋಂದಾಯಿಸುತ್ತೇನೆ ಎಂದಾಗ, ನಾವೇನು ಕಳ್ಳರೇ ಎಂದು ಸಾವಿರಾರು ಮಂದಿ ಕೆಲಸ ಬಿಟ್ಟು ಮೇಲೆ ಬಂದು ನಿಂತರು. ಯಾವ ರಾಕಿಯೂ ಮುಂಬಯಿಯಿಂದ ಬಂದಿರಲಿಲ್ಲ. 20ನೆಯ ಶತಮಾನದ ಆರಂಭದಲ್ಲೇ, ಬಾಬಾಸಾಹೇಬರು ಬೌದ್ಧ ದೀಕ್ಷೆ ಕೊಡುವುದಕ್ಕೆ ಎಷ್ಟೋ ಮೊದಲು, ಅಯೋತಿ ದಾಸರ ದಾರಿಯಲ್ಲಿ ಮಾರಿಕುಪ್ಪಂನ ಕೂಲಿಕಾರರು ಬೌದ್ಧ ಸಂಘ ಕಟ್ಟಿಕೊಂಡಿದ್ದರು. ಮುಂದೆ ಅದೇ ಕ್ಷೇತ್ರ ರಿಪಬ್ಲಿಕನ್ ಪಕ್ಷದ ಸಿ.ಎಂ. ಆರ್ಮುಗಂ ಅವರನ್ನು ವಿಧಾನಸಭೆಗೆ ಕಳಿಸಿತು. ಇದು ಕತೆಯಲ್ಲವೇ? ಇದಕ್ಕಿಂತ ಬೇರೆ ಕತೆ ಬೇಕೇ? ತಾಯಿಯ ಕಣ್ಣೀರು ಬೇಕೆಂದರೆ ಇಲ್ಲಿ ಸಾವಿರ ತಾಯಂದಿರಿದ್ದಾರೆ. ಸಾಹಸ ಬೇಕೆಂದರೆ ಮೂರು ಕಿಲೋಮೀಟರ್ ಕೆಳಗೆ ದಿನಾ ಇಳಿದು ಹತ್ತುವುದಕ್ಕಿಂತ ಸಾಹಸ ಯಾವುದು?

ಈಗ ನಮ್ಮ ವಾದ ಹೇಳುತ್ತೇವೆ. ಇಂಥ ಚಿತ್ರಗಳಲ್ಲಿ ಕತೆ ಸೊರಗುವುದು ಬರೆಯುವವನಿಗೆ ಬುದ್ಧಿ ಸಾಲದ್ದರಿಂದ ಎಂದು ವಿಮರ್ಶಕರು ತಿಳಿಯುತ್ತಾರೆ. ನಾವು ಹಾಗೆ ತಿಳಿಯುವುದಿಲ್ಲ. ಜಾತಿಯನ್ನು ತೆಗೆದರು, ಕೂಲಿಯನ್ನು ತೆಗೆದರು, ಸಂಘವನ್ನು ತೆಗೆದರು, ಭೂಮಿಯನ್ನು ತೆಗೆದರು. ಇಷ್ಟು ತೆಗೆದ ಮೇಲೆ ಒಬ್ಬ ಮನುಷ್ಯ ಇನ್ನೊಬ್ಬನನ್ನು ಯಾಕೆ ತುಳಿಯುತ್ತಾನೆ ಎಂಬುದಕ್ಕೆ ಕಾರಣವೇ ಉಳಿಯುವುದಿಲ್ಲ. ಕಾರಣ ಉಳಿಯದಿದ್ದರೆ ಕತೆ ನಿಲ್ಲುವುದಿಲ್ಲ. ಆಗ ಖಳನಾಯಕ ಸುಮ್ಮಸುಮ್ಮನೆ ಕ್ರೂರಿಯಾಗಬೇಕು, ನಾಯಕ ಸುಮ್ಮಸುಮ್ಮನೆ ದೇವರಾಗಬೇಕು. ಆ ಸುಳ್ಳು ಗೊತ್ತಾಗಬಾರದೆಂದು ಸದ್ದು ಹೆಚ್ಚಿಸಬೇಕು, ಧೂಳು ಎಬ್ಬಿಸಬೇಕು, ಕ್ಯಾಮರಾ ತಿರುಗಿಸಬೇಕು. ಕತೆಯ ತೂತು ಎಲ್ಲಿದೆಯೋ ಅಲ್ಲಿ ನೋಡಿ, ದೃಶ್ಯದ ಅಬ್ಬರ ಅಲ್ಲೇ ಹೆಚ್ಚಾಗಿರುತ್ತದೆ. ತೂತು ಇರುವುದು ನಮ್ಮ ಜನ ನಿಂತಿದ್ದ ಜಾಗದಲ್ಲಿ. ಹೀಗಿರುವಾಗ ದೃಶ್ಯ ಕತೆಯ ನಷ್ಟ ತುಂಬಿಕೊಡುತ್ತದೆ ಎನ್ನುವುದೇ ತಲೆಕೆಳಗಾದ ಮಾತು. ನಷ್ಟವಾಗಿದೆ ಎಂಬುದು ನಿಮಗೆ ಕಾಣದ ಹಾಗೆ ಮಾಡುವುದೇ ಅದರ ಕೆಲಸ.

ಇದು ಬರೀ ಸಿಟ್ಟಿನ ಮಾತು ಎನ್ನುವವರಿಗೆ ಒಂದು ಸಾಕ್ಷಿ ಕೊಡುತ್ತೇವೆ. ನಮ್ಮ ಔರಾದ, ಭಾಲ್ಕಿಯ ಮಂದಿಗೆ ಮರಾಠಿ ಪರಕೀಯವಲ್ಲ. ಗಡಿಯ ಆಚೆಗೆ ನಮ್ಮ ಬೀಗರಿದ್ದಾರೆ, ಸಂತೆ ಇದೆ, ದುಡಿಮೆ ಇದೆ. 2016ರಲ್ಲಿ ನಾಗರಾಜ ಮಂಜುಳೆಯವರ 'ಸೈರಾಟ್' ಬಂದಾಗ ಅದರ ಹಾಡು ನಮ್ಮ ಮದುವೆಗಳಲ್ಲೂ ಕುಣಿಯಿತು. ಮೇಲ್ಜಾತಿಯ ಪಾಟೀಲನ ಮಗಳು, ಮೀನು ಹಿಡಿಯುವವರ ಮಗ. ಅವರ ಓಟ, ಹೈದರಾಬಾದಿನ ಜೋಪಡಿ, ಕಡೆಯ ಆ ರಕ್ತ. ಕೊನೆಗೆ ಮಗು ಇಡುವ ಹೆಜ್ಜೆ ಗುರುತು ನೋಡಿ ಇಡೀ ಟಾಕೀಜು ಸದ್ದಿಲ್ಲದೆ ಎದ್ದುಹೋಗುತ್ತಿತ್ತು. ಅದೇ ಕತೆಯನ್ನು ಹಿಂದಿಯವರು 2018ರಲ್ಲಿ 'ಧಡಕ್' ಎಂದು ಮಾಡಿದರು. ಉದಯಪುರದ ಅರಮನೆ ತಂದರು, ಸರೋವರ ತಂದರು, ಬೆಲೆಬಾಳುವ ಬಟ್ಟೆ ತಂದರು. ನೋಡಲು ಮೂಲಕ್ಕಿಂತ ಹತ್ತು ಪಟ್ಟು ಝಗಮಗ. ಜಾತಿಯ ಮಾತು ಮಾತ್ರ ಮೆಲ್ಲಗೆ ತೊಳೆದುಹೋಯಿತು. ಆಗ ಏನಾಯಿತು? ಅದೇ ಓಟ, ಅದೇ ಪ್ರೀತಿ, ಅದೇ ಸಾವು. ಆದರೆ ಯಾಕೆ ಕೊಂದರು ಎಂಬುದಕ್ಕೆ ಉತ್ತರವಿಲ್ಲ. ಕತೆ ಅದೇ ಇದ್ದರೂ ಬೆನ್ನುಮೂಳೆ ಇಲ್ಲ. ಬೆಳ್ಳಿ ಹೆಚ್ಚಾಯಿತು, ಪಾತ್ರೆ ಕರಗಿಹೋಯಿತು.

ಇನ್ನು ನಮ್ಮ ಮೇಲೆ ಬರುವ ತಕರಾರುಗಳಿಗೆ ಉತ್ತರ ಕೊಡಬೇಕು.

ಮೊದಲ ತಕರಾರು: "ಸಿನಿಮಾ ಅಂದ್ರ ನೋಡುವ ಕಲೆ. ಕತಿ ಬೇಕಂದ್ರ ಪುಸ್ತಕ ಓದ್ರಿ." ಪಂಡಿತರ ಮಾತು ಇದು. ನಿಜ, ಸಿನಿಮಾ ಕಣ್ಣಿನ ಕಲೆ. ಆದರೆ ದೃಶ್ಯ ಕತೆ ಹೇಳುವುದು ಬೇರೆ, ದೃಶ್ಯ ಕತೆಯ ಬಾಯಿ ಮುಚ್ಚುವುದು ಬೇರೆ. ಮಂಜುಳೆಯವರದೇ 2013ರ 'ಫಂಡ್ರಿ' ನೋಡಿ. ಹಂದಿ ಹಿಡಿದು ಹೊತ್ತುಕೊಂಡು ಆ ಕುಟುಂಬ ಶಾಲೆಯ ಗೋಡೆಯ ಮುಂದೆ ಹಾಯುತ್ತದೆ. ಗೋಡೆಯ ಮೇಲೆ ಬಾಬಾಸಾಹೇಬರು, ಫುಲೆ ದಂಪತಿಗಳು. ಒಂದು ಮಾತೂ ಇಲ್ಲ. ಅದು ದೃಶ್ಯ! ಕಡೆಗೆ ಜಬ್ಯಾ ಎಸೆದ ಕಲ್ಲು ನೇರ ನೋಡುವವರ ಮುಖಕ್ಕೇ ಬರುತ್ತದೆ. ಬಿ.ವಿ. ಕಾರಂತರ 'ಚೋಮನ ದುಡಿ' ನೋಡಿ, 1975ರದು, ಕಪ್ಪು ಬಿಳುಪು. ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಎತ್ತು ಇದೆ, ಉಳಲು ಹೊಲವಿಲ್ಲ. ಮಗ ನೀರಿನಲ್ಲಿ ಮುಳುಗುತ್ತಾನೆ, ಮುಟ್ಟಿದರೆ ಮೈಲಿಗೆ ಎಂದು ದಡದಲ್ಲಿ ನಿಂತವರು ಎತ್ತುವುದಿಲ್ಲ. ಅದನ್ನು ನಮ್ಮವರು ಬರೆದದ್ದಲ್ಲ, ನಮ್ಮವರು ಮಾಡಿದ್ದಲ್ಲ. ಚೋಮ ಕಡೆಗೂ ಬಂಡೇಳದೆ ದುಡಿ ಬಡಿಯುತ್ತ ಸಾಯುತ್ತಾನೆ ಎಂಬ ಜಗಳ ನಮಗೆ ಅದರ ಜೊತೆ ಇದ್ದೇ ಇದೆ. ಆದರೂ ಜಗಳ ಆಡಲಿಕ್ಕೆ ಅಲ್ಲೊಂದು ಕತೆ ಇದೆ. ಖಾಲಿ ಡಬ್ಬಿಯ ಜೊತೆ ಯಾರು ಜಗಳ ಆಡುತ್ತಾರೆ?

ಎರಡನೆಯ ತಕರಾರು: "ದಿನವಿಡೀ ಬಿಸಿಲಾಗ ದುಡಿದ ಮನುಷ್ಯ ಮೂರು ತಾಸು ಎಲ್ಲ ಮರೀಲಿಕ್ಕ ಬರ್ತಾನ. ಅಲ್ಲೂ ನಿಮ್ಮ ಭಾಷಣ ಯಾಕ?" ಈ ಮಾತಿಗೆ ನಾವು ತಲೆಬಾಗುತ್ತೇವೆ, ಯಾಕೆಂದರೆ ಹೇಳುವವನು ನಮ್ಮವನು. ಆದರೆ ಕಾಕಾ, ನಿನ್ನ ಅಪ್ಪ ಅಜ್ಜ ಮರೆಯಲಿಕ್ಕೆ ಏನು ಮಾಡುತ್ತಿದ್ದರು? ರಾತ್ರಿಯೆಲ್ಲ ಬಯಲಾಟ ನೋಡುತ್ತಿದ್ದರು, ಗೊಂಧಳಿಗರ ಕತೆ ಕೇಳುತ್ತಿದ್ದರು. ಗಡಿಯ ಆ ಕಡೆ ಅಂಬೇಡ್ಕರಿ ಜಲಸಾ ನಡೆಯುತ್ತಿತ್ತು. ಒಂದು ಢೋಲಕಿ, ಒಂದು ಕಂದೀಲು, ಹಾಡುವ ಶಾಹಿರ. ಬೆಳಕು ಆರಿದರೂ ಜನ ಏಳುತ್ತಿರಲಿಲ್ಲ. ಯಾಕೆಂದರೆ ಮುಂದೆ ಏನಾಯಿತು ಎಂದು ತಿಳಿಯಬೇಕಿತ್ತು. ನಕ್ಕರು, ಅತ್ತರು, ದಣಿವೂ ಆರಿಸಿಕೊಂಡರು, ಮನೆಗೆ ಹೋಗುವಾಗ ತಲೆಯಲ್ಲಿ ಒಂದು ಪ್ರಶ್ನೆ ಹೊತ್ತುಕೊಂಡೂ ಹೋದರು. ದುಡಿಯುವವನಿಗೆ ಕತೆ ಅರ್ಥವಾಗುವುದಿಲ್ಲ, ಅವನಿಗೆ ಬೆಂಕಿ ಪಟಾಕಿ ಸಾಕು ಎನ್ನುವುದು ಉಳ್ಳವರ ಸೊಕ್ಕಿನ ಮಾತು. ಅದನ್ನು ನಮ್ಮ ಬಾಯಿಂದಲೇ ಹೇಳಿಸುವುದು ಇನ್ನೂ ದೊಡ್ಡ ಹುನ್ನಾರ.

ಮೂರನೆಯದು: "ದುಡ್ಡಿಲ್ಲದವರು ದೃಶ್ಯ ಎಲ್ಲಿಂದ ತರಬೇಕು? ಹೊಟ್ಟೆಕಿಚ್ಚಿಗೆ ಹಿಂಗ ಬರೀತೀರಿ." ಇದಕ್ಕೆ ಉತ್ತರ ನಮ್ಮ ಕಡೆಯಿಂದಲೇ ಬಂದಿದೆ. 2024ರಲ್ಲಿ ತೆರೆಗೆ ಬಂದ ಉತ್ಸವ್ ಗೋನವಾರ ಅವರ 'ಫೋಟೋ'. ರಾಯಚೂರು ಕಡೆಯ ಬಡ ಹುಡುಗನೊಬ್ಬನಿಗೆ ವಿಧಾನಸೌಧದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ. ಬೆಂಗಳೂರಿನಲ್ಲಿ ದುಡಿಯುವ ಅಪ್ಪನ ಹತ್ತಿರ ಹೋಗುತ್ತಾನೆ. ಅಷ್ಟರಲ್ಲಿ 2020ರ ಲಾಕ್‌ಡೌನ್ ಬೀಳುತ್ತದೆ. ತಂದೆ ಮಗ ನಡೆದುಕೊಂಡು ಊರ ದಾರಿ ಹಿಡಿಯುತ್ತಾರೆ. ಸುಡುವ ಡಾಂಬರು, ಖಾಲಿ ರಸ್ತೆ, ಸಣ್ಣ ಕಾಲು. ಆ ರಸ್ತೆಗಿಂತ ದೊಡ್ಡ ದೃಶ್ಯ ಯಾವ ಸ್ಟುಡಿಯೋದಲ್ಲಿ ಕಟ್ಟುತ್ತಾರೆ? ಔರಾದ, ಭಾಲ್ಕಿಯಿಂದ ಹೈದರಾಬಾದಿಗೆ, ಪುಣೆಗೆ, ಮುಂಬಯಿಗೆ ದುಡಿಯಲು ಹೋಗುವ ಮನೆಗಳಿಗೆ ಅದು ಬರೀ ಚಿತ್ರವಲ್ಲ, ನೆನಪು.

ಇಷ್ಟು ಹೇಳಿ ನಾವು ಸುಮ್ಮನಾದರೆ ನ್ಯಾಯವಾಗುವುದಿಲ್ಲ. ಬೇರೆಯವರಿಗೆ ಹಿಡಿದ ತಕ್ಕಡಿಯನ್ನು ನಮ್ಮವರಿಗೂ ಹಿಡಿಯಬೇಕು. ಅದೇ ಕೋಲಾರದ ಮಣ್ಣಿನ ಮೇಲೆ ಪಾ. ರಂಜಿತ್ 2024ರಲ್ಲಿ 'ತಂಗಲಾನ್' ಮಾಡಿದರು. ನಮ್ಮ ಜನರನ್ನೇ ನಡುವೆ ನಿಲ್ಲಿಸಿದರು. ಜಮೀನ್ದಾರ ಹೊಲ ಕಿತ್ತುಕೊಳ್ಳುತ್ತಾನೆ, ಹೊಲ ಬಿಡಿಸಿಕೊಳ್ಳಲು ತಂಗಲಾನ್ ಬಿಳಿಯನ ಜೊತೆ ಚಿನ್ನ ಹುಡುಕಲು ಹೊರಡುತ್ತಾನೆ. ಕೇರಿಯ ಹೆಂಗಸರು ಮೊದಲ ಸಲ ರವಿಕೆ ತೊಟ್ಟು ಹಿಗ್ಗುವ ದೃಶ್ಯ ಒಂದು ಸಾಕು, ಸಾವಿರ ಬೆಂಕಿ ದೃಶ್ಯಗಳನ್ನು ನಿವಾಳಿಸಿ ಒಗೆಯಬಹುದು. ಅಲ್ಲಿ ಕತೆ ಇದೆ, ಆದ್ದರಿಂದ ಕಣ್ಣು ತುಂಬುತ್ತದೆ. ಆದರೆ ಮುಂದೆ ಹೋದ ಹಾಗೆ ಮಾಯೆ, ಹಾವು, ಕನಸು, ಹಿಂದಿನ ಜನ್ಮ ಎಲ್ಲ ಒಂದರ ಮೇಲೊಂದು ಬಿದ್ದು ದಾರಿ ಸಿಕ್ಕುಸಿಕ್ಕಾಗುತ್ತದೆ. ಕೂಲಿಯ ಲೆಕ್ಕ, ಕಂಪನಿಯ ಮೋಸ ಮಸುಕಾಗುತ್ತದೆ. ನಮ್ಮ ಚಿತ್ರವೆಂದು ಇದನ್ನು ಮುಚ್ಚಿಡಬೇಕೇ? 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಇದೆ ಎಂದದ್ದಕ್ಕೆ ಮಂತ್ರಿ ಪದವಿ ಬಿಡಬೇಕಾಯಿತು. ಆ ಮಾತಿನ ಮಕ್ಕಳು ನಾವು. ಬೂಸಾ ಯಾರ ಮನೆಯದಾದರೂ ಬೂಸಾ ಎನ್ನಬೇಕು, ಕಾಳು ಯಾರ ಮನೆಯದಾದರೂ ಆರಿಸಿಕೊಳ್ಳಬೇಕು. ತಂಗಲಾನ್‌ನಲ್ಲಿ ಕಾಳು ಇದೆ. ಅದಕ್ಕೇ ಅದರ ಸಡಿಲು ನಮಗೆ ಹೆಚ್ಚು ನೋವು ಕೊಡುತ್ತದೆ.

ಈ ರೋಗ ಟಾಕೀಜಿನೊಳಗೆ ಮಾತ್ರ ಇದ್ದಿದ್ದರೆ ನಾವು ಇಷ್ಟು ಶಾಯಿ ಖರ್ಚು ಮಾಡುತ್ತಿರಲಿಲ್ಲ. ಏಪ್ರಿಲ್ 14ರ ಮೆರವಣಿಗೆಗಳನ್ನು ನೋಡಿ. ಡಿ.ಜೆ. ಬರುತ್ತದೆ, ಬಣ್ಣದ ದೀಪ ಬರುತ್ತದೆ, ಎಲ್.ಇ.ಡಿ. ಪರದೆಯ ಮೇಲೆ ಬಾಬಾಸಾಹೇಬರು ಸಿನಿಮಾ ನಾಯಕನ ಹಾಗೆ ಧೂಳಿನೊಳಗಿಂದ ನಡೆದು ಬರುತ್ತಾರೆ. ಹಿಂದೆ ಅದೇ ನರಾಚಿಯ ಸಂಗೀತ! ಹುಡುಗರು ಕುಣಿಯುತ್ತಾರೆ, ಕುಣಿಯಲಿ. ಆದರೆ ಮಹಾಡದ ಕೆರೆಯ ನೀರು 1927ರಲ್ಲಿ ಯಾಕೆ ಮುಟ್ಟಬೇಕಾಯಿತು ಎಂದು ಆ ಪರದೆ ಹೇಳುತ್ತದೆಯೇ? ಹೇಳುವುದಿಲ್ಲ. ಒಬ್ಬ ನಾಯಕ ಬರುತ್ತಾನೆ, ಜನ ಜೈ ಎನ್ನಬೇಕು ಎಂಬುದನ್ನು ಟಾಕೀಜು ಕಲಿಸಿತು, ಮೆರವಣಿಗೆ ಕಲಿತುಕೊಂಡಿತು. ಸಂಘಟನೆ, ಹೋರಾಟ, ಓದು ಇವು ಕತೆಯ ಭಾಗ. ಕತೆ ಬೇಡವಾದ ಮೇಲೆ ಇವೂ ಬೇಡವಾಗುತ್ತವೆ.

ಹಾಗಾದರೆ ಮಾಡುವುದೇನು? ಇಂದು ಔರಾದದ ಹುಡುಗನ ಕೈಯಲ್ಲೂ ಕ್ಯಾಮರಾ ಇದೆ, ಅವನ ಫೋನೇ ಕ್ಯಾಮರಾ. ಬೀದರಿನಲ್ಲಿ ದೃಶ್ಯಕ್ಕೆ ಬರವಿಲ್ಲ. ಕೆಂಪು ಕಲ್ಲಿನ ಕೋಟೆ ಇದೆ, ಮಹಮೂದ್ ಗಾವಾನನ ಮದರಸಾ ಇದೆ, ಅಷ್ಟೂರಿನ ಗುಮ್ಮಟಗಳಿವೆ, ಮಾಂಜ್ರಾ ದಂಡೆ ಇದೆ. ಕ್ಯಾಮರಾ ಎತ್ತಿದರೆ ಸಾಕು, ಚೆಂದ ತಾನಾಗಿ ಬಂದು ಬೀಳುತ್ತದೆ. ಅದಕ್ಕೇ ನಾವು ಎಚ್ಚರಿಸುತ್ತೇವೆ. ಕೋಟೆಯ ಚಿತ್ರ ತೆಗೆಯುವ ತಮ್ಮಾ, ಆ ಕಲ್ಲು ಹೊತ್ತವರು ಯಾರು ಎಂದು ಕೇಳು. ಕಬ್ಬಿನ ಹೊಲದ ಮೇಲೆ ಡ್ರೋನ್ ಹಾರಿಸುವ ಮೊದಲು, ಕಬ್ಬು ಕಡಿಯುವ ಅವ್ವನಿಗೆ ಎಷ್ಟು ಕೂಲಿ, ಮುಂಗಡ ಎಷ್ಟು, ಮಗು ಯಾವ ಶಾಲೆ ಬಿಟ್ಟಿತು ಎಂದು ಕೇಳು. ಕೇಳಿದ್ದನ್ನು ಬರೆದುಕೋ. ಆಮೇಲೆ ಕ್ಯಾಮರಾ ಎತ್ತು.

ಮಾಸ್ತರುಗಳೇ, ಮಕ್ಕಳು ಸಿನಿಮಾ ನೋಡಿ ಬಂದ ಮರುದಿನ ಮೂರು ಪ್ರಶ್ನೆ ಕೇಳಿ. ಇದರಲ್ಲಿ ದುಡಿದವರು ಯಾರು? ಅವರಿಗೆ ಹೆಸರಿದೆಯೇ? ಅವರು ತಾವಾಗಿ ಏನಾದರೂ ಮಾಡಿದರೇ? ಮೂರಕ್ಕೂ ಉತ್ತರ ಬಾರದಿದ್ದರೆ ಆ ಚಿತ್ರದಲ್ಲಿ ಕತೆ ಎಲ್ಲಿ ಕಳೆದುಹೋಯಿತೆಂದು ಮಕ್ಕಳಿಗೆ ತಾನೇ ಹೊಳೆಯುತ್ತದೆ.

ಚೆಂದ ನಮಗೂ ಬೇಕು. ನಮ್ಮ ಜನರನ್ನು ತಲೆಮಾರುಗಳಿಂದ ಕುರೂಪಿಗಳೆಂದು ತೋರಿಸಿದ ಪರದೆಯ ಮೇಲೆ ನಮ್ಮ ಮುಖ ಚೆಂದ ಕಾಣಬೇಕು, ಬೆಳ್ಳಿಯ ಹಾಗೆ ಹೊಳೆಯಬೇಕು. ಆದರೆ ಪಾತ್ರೆ ನಮ್ಮದಿರಲಿ, ಗಟ್ಟಿ ಇರಲಿ, ಒಳಗೆ ಜನ ಇರಲಿ. "ಕತಿ ಏನಿಲ್ಲ, ನೋಡ್ಲಾಕ ಭಾರಿ ಅದ" ಎಂದು ಇನ್ನು ಮುಂದೆ ಯಾರಾದರೂ ಹೇಳಿದರೆ, ಕೈ ಹಿಡಿದು ನಿಲ್ಲಿಸಿ ಕೇಳೋಣ: "ಕತಿ ಎಲ್ಲಿ ಹೋಯ್ತಪಾ? ಅದನ್ನ ಕದ್ದವರು ಯಾರು?"